ಎರಡು ಎಲೆಗಳ ನಡುವೆ ಇಟ್ಟ ಹಾಳೆ

ಮೂರು ದಿನಕ್ಕೆ ಬೇಕಾಗಿದ್ದ ಎಲೆಗಳನ್ನು ನಾನು ಒಂದೇ ದಿನ ನೆನೆಸಿದೆ. ಮುಂದೆ ಆದದ್ದಕ್ಕೆಲ್ಲ ಅದೇ ಮೊದಲು. ತಂಗಿ ಬೇಡ ಎಂದಿದ್ದಳು. "ಅಕ್ಕಾ, ಅವತ್ತಿನ ಎಲಿ ಅವತ್ತೇ ನೆನಸು. ಮಿಷನ್‌ಗೆ ಭಾಳ ಹಸಿ ನಡೆಯಂಗಿಲ್ಲ" ಎಂದು ಎರಡು ಸಲ ಹೇಳಿದ್ದಳು. ನಾನು ಹೂಂ ಎಂದಿದ್ದೆ. ಆದರೆ ಮುತ್ತುಗದ ಎಲೆಯನ್ನು ಬೆರಳಲ್ಲಿ ಮುಟ್ಟಿ ಅದು ಎಷ್ಟು ನೀರು ಕುಡಿದಿದೆ ಎಂದು ಹೇಳುವವಳು ನಾನು. ಎಲೆಗೆ ಕಡ್ಡಿ ಚುಚ್ಚಿ ಊಟದ ಪತ್ರೋಳಿ ಹಚ್ಚುವುದನ್ನು ಆಕೆಗೆ ಕಲಿಸಿದವಳೂ ನಾನೇ. ಆಕೆಯ ಮಾತು ನನ್ನ ಕಿವಿಯಲ್ಲಿ ನಿಲ್ಲಲಿಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಮ್ಮೂರು ಸೇಡಂನಿಂದ ಕುರಕುಂಟಾದ ಕಡೆ ಹೋಗುವ ದಾರಿಯಲ್ಲಿ ಒಳಗೆ ಇರುವ ಊರು. ತಂಗಿ ಅಲ್ಲಿ ಅಂಗನವಾಡಿ ಟೀಚರ್. ಹೆಂಗಸರ ಸಂಘದ ಕಾರ್ಯದರ್ಶಿಯೂ ಅವಳೇ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವ್ವ ಹೊಲದ ಕೂಲಿಗೆ ಹೋದಾಗ ತೊಟ್ಟಿಲಲ್ಲಿದ್ದ ತಂಗಿಯನ್ನು ನೋಡಿಕೊಳ್ಳಲು ಬಿಟ್ಟೆ. ಇದನ್ನು ಯಾರ ಮೇಲೂ ಹೊರಿಸಲು ಬರೆಯುತ್ತಿಲ್ಲ. ಆದರೆ ಈ ಸಂಗತಿಯನ್ನು ನಾನು ಒಂದು ದಿನ ಊರ ಮುಂದೆ ಗುರಾಣಿಯ ಹಾಗೆ ಹಿಡಿದೆ. ಅದು ಮುಂದೆ ಬರುತ್ತದೆ.

ಆ ವರ್ಷ ತಂಗಿ ಒಂದು ಹಟ ಹಿಡಿದಿದ್ದಳು. ಊರಿನ ಊಟಗಳಲ್ಲಿ ಥರ್ಮಾಕೋಲ್ ತಾಟು, ಪ್ಲಾಸ್ಟಿಕ್ ಗ್ಲಾಸು ಇರಬಾರದು, ಅಂಗಡಿಗಳಲ್ಲಿ ತೆಳು ಕ್ಯಾರಿಬ್ಯಾಗು ಕೊಡಬಾರದು ಎಂದು ಗ್ರಾಮ ಪಂಚಾಯ್ತಿಯಿಂದ ಠರಾವು ಮಾಡಿಸಬೇಕು. ಅಂಗನವಾಡಿಯ ಹಿಂದಿನ ಚರಂಡಿ ಕಟ್ಟಿಕೊಂಡು ನೀರು ಒಳಗೆ ಬಂದು, ಮಕ್ಕಳ ಗೋಧಿ ಚೀಲ ನೆಂದ ದಿನದಿಂದ ಆಕೆಗೆ ಇದೇ ಯೋಚನೆ. ಚರಂಡಿಯಿಂದ ತೆಗೆದದ್ದು ಮುಕ್ಕಾಲು ಪಾಲು ಗ್ಲಾಸು, ತಾಟು, ಚೀಲ. ಮನೆಮನೆಗೆ ಹೋಗಿ, ಊಟಕ್ಕೆ ಬರುವಾಗ ನಿಮ್ಮ ತಂಬಿಗೆ ನೀವೇ ತನ್ನಿ ಎಂದು ಹೇಳಿದಳು. ಹಳೆಯ ಸೀರೆಗಳಿಂದ ಚೀಲ ಹೊಲಿಸಿ ಹಂಚಿದಳು. ಬಸ್ ಸ್ಟ್ಯಾಂಡಿನ ಚಹಾದವನು ನಗಾಡಿದ.

"ಟೀಚರಮ್ಮ, ನಾಳಿ ಚಾನೂ ಬೊಗಸ್ಯಾಗ ಕುಡೀರಿ ಅಂತೀರೇನು?"

"ಬೊಗಸಿ ಯಾಕ್ರಿ ಕಾಕಾ? ನಿಮ್ಮ ಗಾಜಿನ ಗ್ಲಾಸ್ ಕಪಾಟದಾಗ ಅದಾವಲ್ಲ, ತೊಳದು ಕೊಡ್ರಿ. ತೊಳಿಲಿಕ್ಕೆ ಬ್ಯಾಸರ ಅಂದ್ರ ಅದನ್ನ ಸೀದಾ ಹೇಳ್ರಿ."

ಅವನು ಅಂದು ಗಾಜಿನ ಗ್ಲಾಸು ಹೊರಗೆ ತೆಗೆದ. ತಂಗಿ ಹಾಗೆ ಮಾತಾಡಿ ಕೆಲಸ ಮಾಡಿಸುತ್ತಿದ್ದಳು.

ಪಂಚಾಯ್ತಿ ಅಧ್ಯಕ್ಷರಿಗೆ ಮಾತ್ರ ಅನುಮಾನ. ಅವರು ಒಂದು ದಾರಿ ಹೇಳಿದರು. ಕಾರ್ತಿಕದಲ್ಲಿ ನಮ್ಮೂರ ಗುಡಿಯಲ್ಲಿ ಭಜನೆಯ ಸಪ್ತಾಹ ನಡೆಯುತ್ತದೆ. ಏಳು ದಿನವೂ ಮಧ್ಯಾಹ್ನ ಊರಿಗೆಲ್ಲ ಪ್ರಸಾದ, ದಿನಕ್ಕೆ ಆರುನೂರು ಎಲೆ ಬೀಳುತ್ತದೆ. ಆ ಏಳು ದಿನ ಪತ್ರೋಳಿಯ ಮೇಲೆ ಊಟ ಸರಿಯಾಗಿ ಸಾಗಿದರೆ ಠರಾವು ಬರೆಯೋಣ ಎಂದರು. ಸಪ್ತಾಹದ ಉಸ್ತುವಾರಿ ಒಬ್ಬ ನಿವೃತ್ತ ಮಾಸ್ತರರದು. ಗುಡಿಯ ಪೂಜೆಯ ಮನೆತನದವರು, ನಿಷ್ಠುರ ಮನುಷ್ಯರು. ಅವರು ತಂಗಿಗೆ ಹೇಳಿದ್ದು ಇಷ್ಟೇ: "ನೋಡವ್ವ, ನಿನ್ನ ಮಾತಿನ ಮ್ಯಾಲ ಒಪ್ಪಿಕೊಳ್ಳಿಕತ್ತೀನಿ. ಸಾರು ಒಬ್ಬರ ಧೋತರದ ಮ್ಯಾಲ ಸೋರಿದ್ರೂ ಮುಂದಿನ ವರ್ಷ ನನ್ನ ಕೇಳಬ್ಯಾಡ."

ಸಂಘದ ಹೆಸರಿನಲ್ಲಿ ತಂದ ಪತ್ರೋಳಿ ಮಿಷನ್ ನನ್ನ ಮನೆಯ ಪಡಸಾಲೆಯಲ್ಲಿತ್ತು. ಅದನ್ನು ನಡೆಸುವುದು ನನ್ನ ಕೆಲಸ. ಕೆಳಗೆ ಒಂದು ಅಚ್ಚು, ಮೇಲೆ ಒಂದು ಅಚ್ಚು, ಎರಡರೊಳಗೂ ಕರೆಂಟಿನಿಂದ ಬಿಸಿಯಾಗುವ ಕಾಯಿಲು. ಸಂಘದ ಮೂವರು ಹೆಂಗಸರು ಜೋಳದ ದಂಟಿನ ಕಡ್ಡಿಯಿಂದ ಎಲೆ ಹಚ್ಚಿ ತಂದು ಕೊಡುತ್ತಿದ್ದರು. ನಾನು ಹಚ್ಚಿದ ಎಲೆ ಎರಡನ್ನು ಒಂದರ ಮೇಲೊಂದು ಇಟ್ಟು, ಕಾಲಿನಿಂದ ತುಳಿದು, ಮನಸ್ಸಿನಲ್ಲಿ ಹನ್ನೆರಡು ಎಣಿಸಿ ಬಿಡಬೇಕು. ಅಂಚು ಎದ್ದ ಗಟ್ಟಿ ತಾಟು ಬರುತ್ತದೆ. ಎಲೆ ತೀರ ಒಣಗಿದ್ದರೆ ಅಚ್ಚಿನಲ್ಲಿ ಒಡೆಯುತ್ತದೆ. ಹಸಿ ಹೆಚ್ಚಾದರೆ ಹಬೆ ಎದ್ದು ಎರಡು ಪದರ ಕೂಡುವುದಿಲ್ಲ.

ಮಿಷನ್ ಮಾರಿದವನು ಜೊತೆಗೆ ತೆಳು ಪ್ಲಾಸ್ಟಿಕ್ ಹಾಳೆಯ ಎರಡು ಸುರುಳಿ ಕೊಟ್ಟಿದ್ದ. ಎರಡು ಎಲೆಗಳ ನಡುವೆ ಒಂದು ತುಂಡು ಇಟ್ಟು ಒತ್ತಿದರೆ ಅದು ಕರಗಿ ಅಂಟಾಗುತ್ತದೆ, ಎಲೆ ಎಂಥದ್ದಿದ್ದರೂ ತಾಟು ಗಟ್ಟಿಯಾಗುತ್ತದೆ, ಸಾರು ಸೋರುವುದಿಲ್ಲ, ಹೊರಗಿನಿಂದ ಗೊತ್ತೂ ಆಗುವುದಿಲ್ಲ ಎಂದಿದ್ದ. ತಂಗಿ ಸುರುಳಿಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ಹೊರಗ ಎಲಿ, ಒಳಗ ಪ್ಲಾಸ್ಟಿಕ್. ಇದಕ್ಕಿಂತ ಥರ್ಮಾಕೋಲೇ ಖರೇ ಅದ, ಕಣ್ಣಿಗೆ ಕಾಣ್ತದ. ಇದು ಬ್ಯಾಡ ಅಕ್ಕಾ."

ನಾನು ಅವನ್ನು ಅಟ್ಟದ ಮೇಲೆ ಇಟ್ಟೆ. ಒಗೆಯಲಿಲ್ಲ. ಒಗೆಯಬೇಕಿತ್ತು.

ಎಲೆ ನಮಗೆ ಚಿಂಚೋಳಿಯ ಕಾಡಿನ ಕಡೆಯಿಂದ ಬರುತ್ತಿತ್ತು. ತೆಲುಗು, ಕನ್ನಡ ಎರಡನ್ನೂ ಕೂಡಿಸಿ ಮಾತಾಡುವ ಹೆಂಗಸರು ಎಲೆಯನ್ನು ಒಣಗಿಸಿ, ಕಟ್ಟು ಕಟ್ಟಿ, ಬಸ್ಸಿನ ಮೇಲೆ ಹಾಕಿ ತರುತ್ತಿದ್ದರು. ಆ ಸಲ ಮೊದಲ ಮೂರು ದಿನಕ್ಕೆ ಆಗುವಷ್ಟು ತಂದರು. ಉಳಿದದ್ದು ಸಪ್ತಾಹ ಶುರುವಾದ ಮೇಲೆ ತರುತ್ತೇವೆ ಎಂದು ಹೋದರು. ಸಪ್ತಾಹಕ್ಕೆ ಇನ್ನು ಆರು ದಿನ ಇತ್ತು.

ಕೈಯಿಂದ ಹಚ್ಚಿ ಒಣಗಿಸುವ ಪತ್ರೋಳಿಗೆ ಒಂದು ಪದ್ಧತಿ ಇದೆ. ಹಿಂದಿನ ದಿನ ಕಟ್ಟು ಬಿಚ್ಚಿ, ನೀರು ಚಿಮುಕಿಸಿ, ಗೋಣಿತಟ್ಟು ಹೊದಿಸಿ, ಮೇಲೆ ಚಪ್ಪಟೆ ಪರಸಿ ಕಲ್ಲು ಹೇರಬೇಕು. ಮರುದಿನಕ್ಕೆ ಎಲೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ, ಕಡ್ಡಿ ಚುಚ್ಚಿದರೆ ಸೀಳುವುದಿಲ್ಲ. ಹಚ್ಚಿದ ಮೇಲೆ ಬಿಸಿಲಿಗೆ ಹಾಕಿದರೆ ಹಸಿ ಹೋಗುತ್ತದೆ. ಅವ್ವನಿಂದ ನಾನು ಕಲಿತದ್ದು ಹೀಗೆ. ಮಿಷನ್‌ಗೆ ಅಷ್ಟು ನೀರು ಬೇಡ, ಎಲೆ ಬಾಗಿದರೆ ಸಾಕು. ಗೊತ್ತಿತ್ತು. ಆದರೆ ಹಚ್ಚುವ ಹೆಂಗಸರು ಮೂವರೂ ಅಂದೇ ಎಲೆ ಕೇಳಿದರು, ನನಗೂ ಕೆಲಸ ಬೇಗ ಮುಗಿಸುವ ಅವಸರ. ಎಲ್ಲ ಕಟ್ಟು ಬಿಚ್ಚಿ, ನನ್ನ ಅಳತೆಯಲ್ಲೇ ನೀರು ಹಾಕಿ, ಪಡಸಾಲೆಯ ಶಹಾಬಾದ ಕಲ್ಲಿನ ನೆಲದ ಮೇಲೆ ಹಾಸಿ, ತಟ್ಟು ಹೊದಿಸಿ ಕಲ್ಲು ಹೇರಿದೆ. ಹೆಂಗಸರಿಗೆ ಅದರಲ್ಲೊಂದು ಪಾಲು ಹಂಚಿದೆ.

ಮರುದಿನ ಮೋಡ ಕವಿಯಿತು. ಸಣ್ಣ ಮಳೆ. ಊರ ಹೊರಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಮಿಷನ್ ಕಾಯುವಂತಿಲ್ಲ, ಎಲೆ ಒಣಗಿಸಲು ಬಿಸಿಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆ. ಕಲ್ಲು ಎತ್ತಿ ಎಲೆ ಹರವಬೇಕಿತ್ತು. ಮೆತ್ತಗಾದ ಎಲೆ ಗಾಳಿಗೆ ಸುರುಟುತ್ತದೆ ಎಂದು ಎತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕರೆಂಟು ಬಂತು. ಕಲ್ಲು ಸರಿಸಿ ತಟ್ಟು ತೆಗೆದಾಗ ವಾಸನೆ ಮುಖಕ್ಕೆ ಬಡಿಯಿತು. ನಡುವಿನ ಎಲೆಗಳೆಲ್ಲ ಬಿಳಿ ಬೂಸಲು ಹಿಡಿದು ಒಂದಕ್ಕೊಂದು ಅಂಟಿದ್ದವು. ಅಂಚಿನವು ಉಳಿದಿದ್ದವು. ಅರ್ಧಕ್ಕಿಂತ ಹೆಚ್ಚು ಹೋಗಿತ್ತು.

ಆಗ ಎರಡು ದಾರಿ ಇದ್ದವು. ತಂಗಿಗೆ ಹೇಳಬಹುದಿತ್ತು. ಹೇಳಿದ್ದರೆ ಆಕೆ ಬೈದು, ಮಾಸ್ತರರ ಹತ್ತಿರ ಹೋಗಿ, ಮೊದಲೆರಡು ದಿನ ಮನೆಮನೆಯಿಂದ ಸ್ಟೀಲ್ ತಾಟು ತರಿಸುತ್ತಿದ್ದಳೋ ಏನೋ. ಆಕೆ ಏನಾದರೂ ಮಾಡುತ್ತಿದ್ದಳು. ಆದರೆ ನಾನು, ಎಲೆ ಗೊತ್ತಿದ್ದವಳು, ಎಲೆ ಕೊಳೆಸಿದೆ ಎಂದು ಹೇಳಬೇಕಿತ್ತು. ಅದು ನನ್ನ ಬಾಯಿಂದ ಬರಲಿಲ್ಲ. ಕೊಳೆತದ್ದನ್ನು ಹಿತ್ತಲ ಗುಂಡಿಗೆ ಹೊತ್ತು ಹಾಕಿ ಮಣ್ಣು ಎಳೆದೆ. ಅಟ್ಟ ಹತ್ತಿ ಸುರುಳಿ ಇಳಿಸಿದೆ.

ಮೇಲೆ ಹಚ್ಚಿದ ಒಂದು ಒಳ್ಳೆಯ ಎಲೆ, ನಡುವೆ ಹಾಳೆ, ಕೆಳಗೆ ಹರಿದ ಸಣ್ಣಪುಟ್ಟ ಎಲೆಗಳು. ಹನ್ನೆರಡು ಎಣಿಸಿ ಬಿಟ್ಟರೆ ತಾಟು ಹಲಗೆಯ ಹಾಗೆ ಗಟ್ಟಿ. ನಾನು ಅದುವರೆಗೆ ಒತ್ತಿದ ಯಾವ ತಾಟೂ ಅಷ್ಟು ಚೆಂದ ಇರಲಿಲ್ಲ. ಹಾಳೆ ಬಿಸಿಯಾದಾಗ ಮೂಗು ಉರಿಯುವ ವಾಸನೆ ಬರುತ್ತಿತ್ತು. ಲೋಭಾನದ ಹೊಗೆ ಹಾಕಿದೆ. ಪಕ್ಕದ ಮನೆಯವಳು ಗೋಡೆಯಾಚೆಯಿಂದ ಕೇಳಿದಳು.

"ಏನಕ್ಕಾ, ಏನ್ ಸುಡ್ಲಿಕತ್ತದ?"

"ಕಡ್ಡಿ ಸುಟ್ಟದವ್ವ, ಅಚ್ಚಿನ್ಯಾಗ ಸಿಕ್ಕು."

ಅದು ನನ್ನ ಮೊದಲ ಸುಳ್ಳು. ಹಚ್ಚುವ ಹೆಂಗಸರು ತಮ್ಮ ಪಾಲಿನ ಎಲೆ ತಂದಾಗಲೆಲ್ಲ ಬಾಗಿಲಲ್ಲೇ ಇಸಿದುಕೊಂಡು ಕಳಿಸಿದೆ. ತಂಗಿ ಸಂಜೆ ಬಂದು, ಸಾಲಾಗಿ ಕಟ್ಟಿದ್ದ ತಾಟುಗಳನ್ನು ನೋಡಿ ಒಂದನ್ನು ಬೆರಳಿಂದ ಬಡಿದಳು. "ಅಕ್ಕಾ, ಭಾಳ ಗಟ್ಟಿ ಬಂದಾವಲ್ಲ!" ಎಂದಳು. ದಿನವಿಡೀ ಊರು ತಿರುಗಿ ಆಕೆಯ ಕಾಲು ಬಾತಿತ್ತು. ನಾನು ಬಿಸಿನೀರು ಇಟ್ಟು ಕೊಟ್ಟೆ.

ಸಪ್ತಾಹದ ಮೊದಲ ದಿನ ಹುಗ್ಗಿ, ಅನ್ನ, ಸಾರು, ಬದನೆಕಾಯಿ ಪಲ್ಯ. ಜನ ತಂಬಿಗೆ ಹಿಡಿದು ಬಂದಿದ್ದರು. ಮರೆತು ಬಂದವರನ್ನು ತಂಗಿ ನಗುತ್ತಲೇ ಮನೆಗೆ ಅಟ್ಟಿದಳು. ಮಾಸ್ತರರು ಪಂಕ್ತಿಯ ನಡುವೆ ಓಡಾಡಿ ಕೊನೆಗೆ ಅಡುಗೆಯ ಕಟ್ಟೆಯ ಹತ್ತಿರ ಬಂದರು.

"ಒಂದ್ ಹನಿ ಸೋರಲಿಲ್ಲಲ್ಲವ್ವ. ಯಾರು ಹಚ್ಚಿದ್ದು?"

"ನಮ್ಮಕ್ಕನ ಕೈ ರೀ ಅದು" ಎಂದಳು ತಂಗಿ.

ನಾನು ಪಾತ್ರೆ ತೊಳೆಯುವವರ ಜೊತೆ ಕುಳಿತು ತಲೆ ಎತ್ತಲಿಲ್ಲ. ನಾಚಿಕೆ ಎಂದು ಎಲ್ಲರೂ ತಿಳಿದರು.

ಊಟ ಮುಗಿದು ಎಲೆ ಎತ್ತುವಾಗ ನನಗೆ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಕಡೆ ಉಂಡ ಎಲೆ ದನದ ಪಾಲು. ಮಿಕ್ಕ ಅನ್ನ, ಪಲ್ಯದ ಜೊತೆ ಎಲೆಯನ್ನೂ ಅವು ತಿನ್ನುತ್ತವೆ. ಥರ್ಮಾಕೋಲ್ ಬಂದ ಮೇಲೆ ಈ ಪದ್ಧತಿ ನಿಂತು, ಸಪ್ತಾಹದ ದಿನಗಳಲ್ಲಿ ಜನ ದನ ಕಟ್ಟಿಹಾಕುತ್ತಿದ್ದರು. ತಂಗಿ ಆ ವಾರ ದನ ಇದ್ದವರ ಮನೆಗೂ ಹೋಗಿ, ಈ ಸಲ ಕಟ್ಟಬೇಡಿ, ಬಿಡಿ, ಎಲ್ಲ ಬರೀ ಎಲೆಯೇ ಎಂದು ಹೇಳಿ ಬಂದಿದ್ದಳು. ಗುಡಿಯ ಹಿಂದೆ ಎರಡು ಎಮ್ಮೆ ಸಾಕಿದ ಒಬ್ಬ ಮುದುಕಿ ಇದ್ದಳು. ಊರವರೆಲ್ಲ ಆಯಿ ಎನ್ನುತ್ತಿದ್ದರು. ಬಾಯಿ ಜೋರು. ಆಕೆ ಬುಟ್ಟಿ ತಂದು ತುಂಬಿಸಿಕೊಳ್ಳುತ್ತಿದ್ದಳು.

"ಟೀಚರಮ್ಮ, ಎಷ್ಟು ವರ್ಷ ಆಯ್ತವ್ವ, ನನ್ನ ಎಮ್ಮಿ ಸಪ್ತಾಹದ ಊಟ ಉಂಡು! ಇವತ್ತ ಅವೂ ನಿನ್ನ ಹೆಸರು ಹೇಳ್ತಾವ ನೋಡು."

ನಾನು ಓಡಿ ಹೋಗಿ ಬುಟ್ಟಿ ಹಿಡಿಯಬಹುದಿತ್ತು. ಪಾತ್ರೆಗಳ ನಡುವೆ ಕುಳಿತೇ ಇದ್ದೆ. ಕೈಯಲ್ಲಿ ಬೂದಿ ಇತ್ತು.

ಆಕೆ ಹೋದ ಮೇಲೆ ಉಳಿದ ಎಲೆಗಳನ್ನು ಎಸೆದ ಗುಂಡಿಗೆ ಹೋದೆ. ಎಲೆ ಹರಿದು ಹಾಳೆ ಬೇರೆ ಮಾಡಲು ನೋಡಿದೆ. ಎಲೆ ಹರಿಯುತ್ತಿತ್ತು, ಹಾಳೆ ಹರಿಯುತ್ತಿರಲಿಲ್ಲ, ಬೆಳ್ಳಗೆ ಜಗ್ಗಿ ಉದ್ದವಾಗುತ್ತಿತ್ತು. ಸಾರು, ಉಪ್ಪಿನಕಾಯಿ, ನೊಣ. ಮೊಣಕೈವರೆಗೆ ಎಂಜಲು. ನಾಯಿಗಳು ಸುತ್ತ ನಿಂತಿದ್ದವು. ಹೊತ್ತು ಮುಳುಗುವ ತನಕ ಹರಿದೆ, ಅರ್ಧವೂ ಆಗಲಿಲ್ಲ. ಬೆಳಿಗ್ಗೆಯಿಂದ ಮಿಷನ್ ತುಳಿದ ಕಾಲು, ಈಗ ಈ ಸೊಂಟ. ಬೇರೆ ಮಾಡಿದ ಹಾಳೆಗಳನ್ನು ಗೋಣಿಚೀಲದಲ್ಲಿ ತುಂಬಿ ಮನೆಗೆ ಒಯ್ದೆ. ಎರಡನೆಯ ದಿನವೂ ಹಾಗೆಯೇ. ಆ ದಿನ ಊಟ ಮುಗಿಯುವ ಮೊದಲೇ ಗುಂಡಿಯ ಹತ್ತಿರ ನಿಂತು, ಎಲೆ ನಾನೇ ಹಂಚುತ್ತೇನೆ ಎಂದು ಆಯಿಯ ಬುಟ್ಟಿಗೆ ಹರಿದು ನೋಡಿದವನ್ನಷ್ಟೇ ಹಾಕಿದೆ.

"ಯಾಕವ್ವ, ಎಮ್ಮಿಗೆ ಹಲ್ಲಿಲ್ಲೇನು? ನೀ ಯಾಕ ಹರದು ಕೊಡ್ಲಿಕತ್ತಿ?" ಎಂದು ಆಯಿ ನಕ್ಕಳು.

"ಕಡ್ಡಿ ಇರ್ತಾವ ಆಯಿ, ಗಂಟಲಿಗೆ ಚುಚ್ಚಬಾರ್ದಂತ" ಎಂದೆ. ಎರಡನೆಯ ಸುಳ್ಳು ಮೊದಲಿನದಕ್ಕಿಂತ ಸಲೀಸಾಗಿ ಬಂತು.

ಆ ಹೊತ್ತಿಗೆ ಚಿಂಚೋಳಿಯವರು ಹೊಸ ಎಲೆ ತಂದಿದ್ದರು, ಬಿಸಿಲೂ ಬಿದ್ದಿತ್ತು. ನಾಲ್ಕನೆಯ ದಿನದಿಂದ ಹಾಳೆ ಬೇಕಿರಲಿಲ್ಲ. ಮೂರನೆಯ ದಿನ ಒಂದು ಸಾಗಿದರೆ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ದಿನ ಆಯಿ ಬುಟ್ಟಿ ತರಲಿಲ್ಲ. ಎಮ್ಮೆಗಳನ್ನೇ ಹೊಡೆದುಕೊಂಡು ಬಂದಳು. ನಾನು ಇನ್ನೂ ಎರಡನೆಯ ಪಂಕ್ತಿಗೆ ಬಡಿಸುವ ಸಾಲಿನಲ್ಲಿದ್ದೆ. ಗುಡಿಯ ಹಿಂದಿನಿಂದ ಕೂಗು ಕೇಳಿಸಿತು.

"ಏ ಟೀಚರಮ್ಮ! ಬಾ ಇಲ್ಲಿ! ಜಲ್ದಿ ಬಾ!"

ಹೋಗಿ ನೋಡಿದರೆ ದೊಡ್ಡ ಎಮ್ಮೆಯ ಬಾಯಿಂದ ಜೊಲ್ಲಿನ ಜೊತೆ ಹಾಳೆ ಜೋತಾಡುತ್ತಿತ್ತು. ಆಯಿ ಅದರ ದವಡೆ ಬಿಡಿಸಿ ಕೈ ಹಾಕಿ ಎಳೆಯುತ್ತಿದ್ದಳು. ಉದ್ದಕ್ಕೆ ಬಂತು. ಜನ ಕೂಡಿದರು. ಮಾಸ್ತರರೂ ಬಂದರು.

"ಎಲಿ ಅಂದಿ. ಬರೀ ಎಲಿ ಅಂದಿ. ಇದೇನು?" ಎಂದು ಆಯಿ ಆ ಹಾಳೆಯನ್ನು ತಂಗಿಯ ಮುಖದ ಮುಂದೆ ಹಿಡಿದಳು.

ತಂಗಿ ಒಂದು ಎಲೆ ಎತ್ತಿ ಎರಡು ಪದರ ಬಿಡಿಸಿದಳು. ಇನ್ನೊಂದು ಎತ್ತಿದಳು. ಮತ್ತೊಂದು. ಆಮೇಲೆ ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು.

"ನನಗೇನ್ ಗೊತ್ತು ರೀ" ಎಂದೆ. "ಮಿಷನ್‌ದಾಗ ಏನರ ಇಟ್ಟು ಕೊಟ್ಟಿರಬೇಕು. ನಾ ನಾಕನೇ ಇಯತ್ತೆ ಓದಿದಾಕಿ. ತುಳಿ ಅಂದ್ರು, ತುಳದೀನಿ."

ಹಾಗೆ ಹೇಳಿದೆ. ನಾನು ಕಲಿಯದೆ ಹೋದದ್ದು ಯಾರಿಗಾಗಿ ಎಂದು ಗೊತ್ತಿದ್ದವಳ ಮುಂದೆಯೇ ಹೇಳಿದೆ.

ತಂಗಿ ಮಾಸ್ತರರ ಕಡೆ ತಿರುಗಿದಳು. "ತಪ್ಪು ನಂದು ರೀ. ಸಂಘದ್ದು ನಾನೇ ನೋಡ್ಕೋಬೇಕಿತ್ತು" ಎಂದಳು.

ಮಾಸ್ತರರು ಬೈಯಲಿಲ್ಲ. ಒಬ್ಬನನ್ನು ಸೇಡಂಗೆ ಕಳಿಸಿ ನಾಲ್ಕು ದಿನಕ್ಕೆ ಆಗುವಷ್ಟು ಥರ್ಮಾಕೋಲ್ ತಾಟು ತರಿಸಿದರು. ಹಾಳೆಯಿಲ್ಲದೆ ನಾನು ಒತ್ತಿಟ್ಟಿದ್ದ ನಾಲ್ಕನೆಯ ದಿನದ ಎಲೆಗಳನ್ನು ಯಾರೂ ಮುಟ್ಟಲಿಲ್ಲ. ಸಪ್ತಾಹ ಮುಗಿದ ಮೇಲೆ ಪಂಚಾಯ್ತಿ ಸಭೆಯಲ್ಲಿ ಠರಾವಿನ ಮಾತು ಬಂದಾಗ ಒಬ್ಬ ಸದಸ್ಯ, "ಮೊದಲ ಎಮ್ಮಿ ಒಪ್ಪಿಗಿ ತಗೋರಿ" ಎಂದನಂತೆ. ಎಲ್ಲರೂ ನಕ್ಕರಂತೆ. ಅದು ಅಲ್ಲಿಗೇ ನಿಂತಿತು. ಚಹಾದವನು ಮತ್ತೆ ಪ್ಲಾಸ್ಟಿಕ್ ಗ್ಲಾಸಿನ ಸಾಲು ಮುಂದಿಟ್ಟ. ತಂಗಿ ಆ ದಾರಿಯಲ್ಲೇ ಅಂಗನವಾಡಿಗೆ ಹೋಗುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ನನ್ನ ಮನೆಗೆ ಬರುವುದನ್ನು ಬಿಟ್ಟಳು. ಏನಾಯಿತು ಎಂದು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೇನೋ.

ಅತ್ತ ಹಾಳೆ ತಿಂದ ದಿನದಿಂದಲೇ ದೊಡ್ಡ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿತ್ತು. ದನದ ಡಾಕ್ಟರರು ಬಂದು ಎಣ್ಣೆ ಕುಡಿಸಿ, ಔಷಧಿ ಕೊಟ್ಟು, ಕಾದು ನೋಡಿ ಎಂದರು. ಅದಾದ ಎರಡನೆಯ ದಿನ ಪಕ್ಕದ ಮನೆಯವಳು ಗೋಡೆಯಾಚೆಯಿಂದ ಸುದ್ದಿ ಹೇಳಿದಳು. ಆಯಿ ಸೋಮವಾರ ಸೇಡಂಗೆ ಹೋಗುತ್ತಾಳಂತೆ. ಟೀಚರ್ ಕೆಲಸ ಬಿಟ್ಟು ಪತ್ರೋಳಿ ವ್ಯಾಪಾರ ಮಾಡಿ ದನಕ್ಕೆ ಪ್ಲಾಸ್ಟಿಕ್ ತಿನ್ನಿಸಿದಳು ಎಂದು ಮೇಲಿನ ಆಫೀಸಿನಲ್ಲಿ ಅರ್ಜಿ ಕೊಡುತ್ತಾಳಂತೆ. ಅರ್ಜಿ ಬರೆದದ್ದೂ ಆಗಿದೆಯಂತೆ.

ಆ ಅರ್ಜಿ ಹೋದರೆ ತಂಗಿಯ ಕೆಲಸಕ್ಕೆ ಕುತ್ತು. ಆಕೆಯ ಮನೆ ನಡೆಯುವುದು ಅದರ ಮೇಲೆ. ಆಗಲೂ ನಾನು ಒಂದು ಹಗಲು ಪೂರ್ತಿ ಸುಮ್ಮನೆ ಕುಳಿತೆ, ಇದನ್ನೂ ಬರೆಯಬೇಕು. ಎಮ್ಮೆ ಮೆಲುಕು ಹಾಕೀತು, ಆಯಿಯ ಸಿಟ್ಟು ಇಳಿದೀತು ಎಂದು ಕಾದೆ. ಎಲೆ ಕಲ್ಲಿನ ಕೆಳಗೆ ಇಟ್ಟು ಕರೆಂಟಿಗೆ ಕಾದ ಹಾಗೆಯೇ ಕಾಯುತ್ತಿದ್ದೇನೆ ಎಂದು ಹೊಳೆದಾಗ ಎದ್ದೆ.

ಅಂಗನವಾಡಿ ಬಿಟ್ಟು ಮಕ್ಕಳು ಹೋಗಿದ್ದರು. ತಂಗಿ ನೆಲ ಗುಡಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ನೆನೆಸಿದ್ದು, ಕೊಳೆತದ್ದು, ಹಿತ್ತಲಲ್ಲಿ ಹೂಳಿದ್ದು, ಸುರುಳಿ ಇಳಿಸಿದ್ದು. ಆಕೆ ಕಸಬರಿಗೆ ನಿಲ್ಲಿಸಲಿಲ್ಲ. ಮೂಲೆಯ ಕಸ ಬಾಗಿಲ ತನಕ ತಂದು, ನನ್ನ ಕಾಲ ಹತ್ತಿರ ನಿಂತಳು.

"ಹಾಳಿ ಇಟ್ಟಿದ್ದು ನೀನೇ ಅಂತ ಅವತ್ತೇ ಗೊತ್ತಾಗ್ಯದ. ನನಗ ತಿಳೀದಿದ್ದು ಯಾಕ ಅಂತ. ಕೊಳೀತು ಅಂತ ಒಂದ್ ಮಾತು ಹೇಳಿದ್ರ ನಾ ಏನ್ ಮಾಡ್ತಿದ್ದೆ ಅಕ್ಕಾ? ಕೊಲ್ತಿದ್ನೇನು?"

"ಅರ್ಜಿ..." ಎಂದೆ.

"ಅರ್ಜಿ ಸುದ್ದಿ ನನಗೂ ಬಂದದ. ಅದಕ್ಕ ಬಂದಿಯೇನು, ಇಲ್ಲಾಂದ್ರ ಬರ್ತಿದ್ದಿಲ್ಲೇನು?"

ನಾನು ಬಾಗಿಲು ಬಿಟ್ಟು ಸರಿದೆ. ಆಕೆ ಕಸ ಹೊರಗೆ ತಳ್ಳಿದಳು.

"ನನಗ ಹೇಳಿ ಏನ್ ಮಾಡ್ಲಿ?" ಎಂದಳು. "ಎಮ್ಮಿ ನಂದಲ್ಲ. ಆಯಿಗೆ ಹೇಳು. ನಾ ಬರಂಗಿಲ್ಲ ಜೋಡಿ. ನೀ ಒಬ್ಬಾಕೇ ಹೋಗು."

ಹೋದೆ. ಆಯಿ ಎಮ್ಮೆಯ ಬೆನ್ನು ತಿಕ್ಕುತ್ತ ಕುಳಿತಿದ್ದಳು. ನನ್ನ ಮಾತು ಪೂರ್ತಿ ಕೇಳಿದಳು. ಬೈಯುತ್ತಾಳೆ, ಹೊಡೆಯಲೂಬಹುದು ಎಂದು ನಿಂತಿದ್ದೆ. ಆಕೆ ಎದ್ದು, ಮೂಲೆಯಲ್ಲಿದ್ದ ಸಗಣಿಯ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ನೂಕಿದಳು.

"ಎಲಿ ಹರದು ಹರದು ನೋಡ್ತಿದ್ದೆಲ್ಲ, ಈಗ ಇದನ್ನ ನೋಡು. ದಿನಾ ಬರಬೇಕು. ಬೆರಳು ಹಾಕಿ ನೋಡಬೇಕು, ಕೋಲು ಹಾಕಿ ಅಲ್ಲ. ಹಾಳಿ ಬಂದ್ರ ತೋರ್ಸು. ಸಣ್ಣದು ನನ್ನ ಕಣ್ಣಿಗೆ ಕಾಣ್ಸಂಗಿಲ್ಲ."

"ಅರ್ಜಿ, ಆಯಿ?"

"ಅರ್ಜಿ ಹರೀತೀನಿ. ಟೀಚರಮ್ಮನ ಹೆಸರು ಬರದೀವಿ ಅದರಾಗ, ನಿನ್ನ ಹೆಸರಿಲ್ಲ. ಇನ್ನೊಂದು ಬರಸ್ಲಿಕ್ಕೆ ಬ್ಯಾಸರ ನನಗ. ಮೊದಲ ಸಗಣಿ ನೋಡು."

ಮರುದಿನ ಬೆಳಕು ಹರಿದ ಮೇಲೆ ಹೋದೆ. ಎರಡು ಎಮ್ಮೆಯ ಸಗಣಿ. ಅಂಗೈಯಲ್ಲಿ ತೆಳ್ಳಗೆ ಹರವಿ, ಬೆರಳಿಂದ ತಡವಿ, ಹುಲ್ಲಿನ ಎಳೆಯೋ ಹಾಳೆಯೋ ಎಂದು ನೋಡಿ, ಆಮೇಲೆ ಕುಳ್ಳು ತಟ್ಟಬೇಕು. ಮೊದಲ ದಿನ ಏನೂ ಸಿಗಲಿಲ್ಲ. ಎರಡನೆಯ ದಿನ ಉಗುರಿನಷ್ಟು ಚೂರು ಸಿಕ್ಕಿತು. ಆಯಿಯ ಅಂಗೈಗೆ ಇಟ್ಟೆ. ಆಕೆ ಅದನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ, ಗೋಡೆಯ ಗೂಡಿನಲ್ಲಿ ಒಂದು ಕಲ್ಲಿನ ಕೆಳಗೆ ಇಟ್ಟಳು.

ಗುಡಿಯ ಹಿಂದಿನ ಆ ಓಣಿಯಲ್ಲಿ ನೀರಿಗೆ ಹೋಗುವ ಹೆಂಗಸರೆಲ್ಲ ಹಾಯುತ್ತಾರೆ. ಮೂರನೆಯ ದಿನ ಪತ್ರೋಳಿ ಹಚ್ಚುವವರಲ್ಲೇ ಒಬ್ಬಳು ಕೊಡ ಇಳಿಸಿ ನಿಂತಳು.

"ಏನಕ್ಕಾ, ಸಗಣ್ಯಾಗ ಬಂಗಾರ ಹುಡುಕ್ಲಿಕತ್ತಿಯೇನು?"

ಬಗ್ಗಿದ ತಲೆ ಎತ್ತದೆ ಏನಾದರೂ ಹೇಳಿ ಕಳಿಸಬಹುದಿತ್ತು. ದಣಿದಿದ್ದೆ. ಸುಳ್ಳು ಹುಡುಕಲೂ ಶಕ್ತಿ ಬೇಕು.

"ಬಂಗಾರ ಅಲ್ಲವ್ವ. ಪ್ಲಾಸ್ಟಿಕ್. ಎಲಿ ಕೊಳೆಸಿದ್ದಕ್ಕ ತಂಗಿಗೆ ತಿಳೀದಂಗ ನಾನೇ ಇಟ್ಟಿದ್ದೆ."

ಆಕೆ ಕೊಡ ಎತ್ತಲಿಲ್ಲ. ಇನ್ನೊಬ್ಬಳು ಬಂದು ನಿಂತಳು, ಆಕೆಗೂ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮರುದಿನ ಬೇಕೆಂದೇ ನೋಡಲು ಬಂದವರೂ ಇದ್ದರು. "ಇವತ್ತೇನ್ ಸಿಕ್ತು?" ಎಂದು ಕೇಳುತ್ತಿದ್ದರು. ಸಿಕ್ಕಿದ್ದನ್ನು ತೋರಿಸುತ್ತಿದ್ದೆ.

ಎಂಟನೆಯ ದಿನ ಎಮ್ಮೆ ಮೆಲುಕು ಹಾಕಿತು. ಹಾಲು ಮಾತ್ರ ಮೊದಲಿನಷ್ಟು ಕೊಡಲಿಲ್ಲ. ನಾನು ಇಪ್ಪತ್ತು ದಿನ ನೋಡಿದೆ, ಸಿಕ್ಕಿದ್ದು ಐದೋ ಆರೋ ಚೂರು. ಉಳಿದದ್ದು ಎಲ್ಲಿ ಹೋಯಿತೋ, ಅದರ ಹೊಟ್ಟೆಯಲ್ಲೇ ಇದೆಯೋ, ಯಾರಿಗೂ ಗೊತ್ತಿಲ್ಲ. ಸಾಕು ಬಿಡು ಎಂದು ಆಯಿಯೇ ಹೇಳಿದಳು.

ತಂಗಿಯ ಕೆಲಸ ಉಳಿಯಿತು. ಠರಾವಿನ ಮಾತು ಉಳಿಯಲಿಲ್ಲ. ಮುಂದಿನ ವರ್ಷ ಆಕೆ ಮತ್ತೆ ಮಾಸ್ತರರ ಹತ್ತಿರ ಹೋದಳು. ಅವರು ಒಪ್ಪಲಿಲ್ಲ. ಅದರ ಮುಂದಿನ ವರ್ಷ ಆಯಿಯನ್ನು ಕರೆದುಕೊಂಡು ಹೋದಳು. ಆಯಿ ಗುಡಿಯ ಕಟ್ಟೆಯ ಮೇಲೆ ಕುಳಿತು, "ಪತ್ರೋಳಿ ಬರ್ಲಿ. ಕಟ್ಟಿಗೊಂದು ನಾ ಹರದು ನೋಡ್ತೀನಿ. ಹಾಳಿ ಸಿಕ್ಕಿದ್ರ ಕಟ್ಟೇ ಒಳಗ ಹೋಗಂಗಿಲ್ಲ" ಎಂದಳು. ಮಾಸ್ತರರು ಅದಕ್ಕೆ ಒಪ್ಪಿದರು. ಆ ವರ್ಷ ಏಳು ದಿನವೂ ಎಲೆಯ ಮೇಲೆಯೇ ಊಟವಾಯಿತು. ಅಲ್ಲಿ ಇಲ್ಲಿ ಸಾರು ಸೋರಿತು, ಜನ ಧೋತರ ಎತ್ತಿಕೊಂಡು ಉಂಡರು. ಪಂಚಾಯ್ತಿಯಲ್ಲಿ ಕಡೆಗೂ ಠರಾವು ಬರೆದರು. ಆದರೆ ನಮ್ಮೂರಲ್ಲಿ ಥರ್ಮಾಕೋಲ್ ಕಡಿಮೆಯಾದದ್ದು ಆ ಕಾಗದದಿಂದ ಅಂತ ನನಗೆ ಅನ್ನಿಸುವುದಿಲ್ಲ. ಮದುವೆ ಇರಲಿ, ಸಪ್ತಾಹ ಇರಲಿ, ಪತ್ರೋಳಿ ಕೊಳ್ಳುವವರು ಕಟ್ಟಿನ ನಡುವಿನಿಂದ ಒಂದನ್ನು ಎಳೆದು ಹರಿದು ನೋಡುವುದು ರೂಢಿಯಾಯಿತು. ಹರಿದು ನೋಡಿದ್ದನ್ನು ಜನ ನಂಬಿದರು.

ಈಗಲೂ ಮಿಷನ್ ನನ್ನ ಪಡಸಾಲೆಯಲ್ಲೇ ಇದೆ. ಎಲೆ ಅವತ್ತಿನದು ಅವತ್ತೇ ನೆನೆಸುತ್ತೇನೆ. ತಂಗಿ ಬರುತ್ತಾಳೆ, ಚಹಾ ಕುಡಿಯುತ್ತಾಳೆ, ಮಕ್ಕಳ ಸುದ್ದಿ ಹೇಳುತ್ತಾಳೆ. ಒಯ್ಯುವ ಮೊದಲು ಆಕೆಯೂ ಪ್ರತಿ ಕಟ್ಟಿನ ನಡುವೆ ಬೆರಳು ಹಾಕಿ ಒಂದು ತಾಟು ಎಳೆದು, ಬೆಳಕಿಗೆ ಹಿಡಿದು, ಹರಿಯುತ್ತಾಳೆ. ನನ್ನ ಮುಂದೆಯೇ ಹರಿಯುತ್ತಾಳೆ. ಮೊದಲಲ್ಲಿ ಆ ಸದ್ದಿಗೆ ಒಳಗೆ ಹೋಗಿಬಿಡುತ್ತಿದ್ದೆ. ಈಗ ಹೋಗುವುದಿಲ್ಲ. ಆಕೆ ಹರಿದು ನೋಡಿ ಕೆಳಗಿಟ್ಟ ಮೇಲೆ, ಮುಂದಿನ ಕಟ್ಟನ್ನು ನಾನೇ ಬಿಚ್ಚಿ ಆಕೆಯ ಮುಂದೆ ಸರಿಸುತ್ತೇನೆ.